ಪವನ ವಿದ್ಯುತ್ತು ಮತ್ತು ಇಂಗಾಲದ ಲೆಕ್ಕ

ಕಣದಲ್ಲಿ ರಾಶಿ ತೂರುವ ರೈತನು ಗಾಳಿಯ ಉಪಕಾರವನ್ನು ಹಿಂದಿನಿಂದಲೂ ಬಲ್ಲನು. ಅದೇ ಗಾಳಿ ಇಂದು ಚಿತ್ರದುರ್ಗದ ಬೆಟ್ಟಗಳ ಮೇಲೆಯೂ ಗದಗ ಸೀಮೆಯ ಕಪ್ಪತಗುಡ್ಡದ ಸಾಲಿನಲ್ಲಿಯೂ ಬೃಹದಾಕಾರದ ಯಂತ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ನೀಡುತ್ತಿದೆ. ಭಾರತದಲ್ಲಿ ಸ್ಥಾಪಿತವಾದ ಪವನ ವಿದ್ಯುತ್ತಿನ ಸಾಮರ್ಥ್ಯವು 2025ರಲ್ಲಿ 50,000 ಮೆಗಾವಾಟನ್ನು ದಾಟಿತು. ಇದರಿಂದ ರಾಷ್ಟ್ರದ ಹೊಗೆಯ ಹೊರೆ ಹೇಗೆ ಇಳಿಯುತ್ತದೆ? ಆ ಇಳಿಕೆಯನ್ನು ‘ಕಾರ್ಬನ್ ಕ್ರೆಡಿಟ್’ ಎಂಬ ಹೆಸರಿನಿಂದ ಮಾರಿದರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ? ಈ ಎರಡು ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಗಾಳಿಯಂತ್ರವು ವಾತಾವರಣದಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುವುದಿಲ್ಲ. ಅದರ ಉಪಕಾರ ಪರೋಕ್ಷವಾದುದು. ಗಾಳಿಯಿಂದ ವಿದ್ಯುತ್ತು ದೊರೆತಷ್ಟೂ ಉಷ್ಣಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುವುದು ತಪ್ಪುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. 2 ಮೆಗಾವಾಟ್ ಸಾಮರ್ಥ್ಯದ ಯಂತ್ರವೊಂದು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲುಭಾಗದಷ್ಟು ದುಡಿಯಿತೆಂದು ಭಾವಿಸಿದರೆ, ಸುಮಾರು 44 ಲಕ್ಷ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಸುಮಾರು 3,000 ಟನ್ ಅನಿಲವು ಗಾಳಿಗೆ ಸೇರುವುದು ತಪ್ಪುತ್ತದೆ.

ಹೀಗೆ ತಪ್ಪಿದ ಒಂದೊಂದು ಟನ್ನಿಗೂ ಒಂದೊಂದು ಪ್ರಮಾಣಪತ್ರವನ್ನು ನೀಡುವ ಪದ್ಧತಿಯು 1997ರ ಕ್ಯೋಟೋ ಒಪ್ಪಂದದಿಂದ ಬಂದಿತು. ಆ ಒಪ್ಪಂದ 2005ರಲ್ಲಿ ಜಾರಿಯಾಯಿತು. ಮಿತಿಗೆ ಒಳಪಟ್ಟ ಶ್ರೀಮಂತ ರಾಷ್ಟ್ರಗಳು ಭಾರತದಂತಹ ದೇಶಗಳಿಂದ ಈ ಪತ್ರಗಳನ್ನು ಕೊಂಡು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಬಹುದಾಗಿತ್ತು. ಚಿತ್ರದುರ್ಗ ಜಿಲ್ಲೆಯ ಗಾಳಿ ಯೋಜನೆಗಳೂ ಈ ವ್ಯವಸ್ಥೆಯಲ್ಲಿ ನೋಂದಣಿ ಪಡೆದವು. 2008ರಲ್ಲಿ 20 ಯೂರೋ ಮೀರಿದ್ದ ಪತ್ರದ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪತ್ರವನ್ನು ಕೊಂಡವನು ಅದರ ಬಲದಿಂದ ತನ್ನಲ್ಲಿ ಅಷ್ಟೇ ಹೊಗೆಯನ್ನು ಹೊರಬಿಡುತ್ತಾನೆ. ಮಾರಿದವನ ಇಳಿಕೆ ನಿಜವಾಗಿದ್ದರೆ ಜಗತ್ತಿನ ಒಟ್ಟು ಹೊಗೆ ಇದ್ದಷ್ಟೇ ಇರುತ್ತದೆ. ಅದು ನಿಜವಲ್ಲದಿದ್ದರೆ ಒಟ್ಟು ಹೊಗೆ ಹೆಚ್ಚುತ್ತದೆ. ಆದಕಾರಣವೇ, ಪತ್ರದ ಹಣವಿಲ್ಲದೆ ಈ ಯೋಜನೆ ನಡೆಯುತ್ತಿರಲಿಲ್ಲ ಎಂಬುದನ್ನು ತೋರಿಸಬೇಕೆಂಬ ನಿಯಮವಿತ್ತು. ಭಾರತದ ಗಾಳಿ ಯೋಜನೆಗಳನ್ನೇ ಕುರಿತು ರಾಫೇಲ್ ಕಾಲೆಲ್ ಮೊದಲಾದ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಿಯಮದ ದೌರ್ಬಲ್ಯವನ್ನು ಬಯಲಿಗೆ ತಂದಿತು. ಮಂಜೂರಾದ ಪತ್ರಗಳಲ್ಲಿ ಕಡೆಯಪಕ್ಷ ಶೇಕಡಾ 52ರಷ್ಟು, ಆ ನೆರವಿಲ್ಲದೆಯೂ ಬಹುಮಟ್ಟಿಗೆ ನಿರ್ಮಾಣವಾಗುತ್ತಿದ್ದ ಯೋಜನೆಗಳಿಗೆ ಸಂದಿದ್ದವು ಎಂದು ಅವರು ಕಂಡುಕೊಂಡರು. ಯಂತ್ರಗಳು ತಿರುಗಿದುದು ಸುಳ್ಳಲ್ಲ. ಪತ್ರದ ಹಣದಿಂದಲೇ ತಿರುಗಿದವು ಎಂಬ ಮಾತು ನಿಲ್ಲಲಿಲ್ಲ.

2015ರ ಪ್ಯಾರಿಸ್ ಒಪ್ಪಂದದ ತರುವಾಯ ಭಾರತಕ್ಕೂ ಸ್ವಂತ ಗುರಿಗಳು ಬಂದವು. 2005ಕ್ಕೆ ಹೋಲಿಸಿದರೆ ರಾಷ್ಟ್ರೋತ್ಪನ್ನದ ಪ್ರಮಾಣಕ್ಕೆ ಹೊಗೆಯನ್ನು 2030ರೊಳಗೆ ಶೇಕಡಾ 45ರಷ್ಟು ತಗ್ಗಿಸುವೆನೆಂದು ಭಾರತ 2022ರಲ್ಲಿ ಘೋಷಿಸಿತು. ಆದುದರಿಂದ ಒಂದೇ ಇಳಿಕೆಯನ್ನು ಮಾರಿದವನೂ ಕೊಂಡವನೂ ತನ್ನದೆಂದು ಬರೆದುಕೊಳ್ಳುವಂತಿಲ್ಲ. ಹೊರದೇಶಕ್ಕೆ ಮಾರಿದ ಟನ್ನನ್ನು ಮಾರಿದ ದೇಶವು ತನ್ನ ಹೊಗೆಯ ಲೆಕ್ಕಕ್ಕೆ ಮರಳಿ ಸೇರಿಸಬೇಕೆಂಬ ನಿಯಮ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ನಿಶ್ಚಿತವಾಯಿತು. ಹೊರದೇಶಗಳೊಡನೆ ಇಂತಹ ವ್ಯವಹಾರಕ್ಕೆ ಯೋಗ್ಯವೆಂದು ಭಾರತ 2023ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕಡಲ ಗಾಳಿಯ ವಿದ್ಯುತ್ತು ಸೇರಿತು; ನೆಲದ ಮೇಲಿನ ಸಾಮಾನ್ಯ ಗಾಳಿಯಂತ್ರ ಸೇರಲಿಲ್ಲ. ಅದೇ ವರ್ಷ ದೇಶದೊಳಗಿನ ಕ್ರೆಡಿಟ್ ಮಾರುಕಟ್ಟೆಯ ಯೋಜನೆಯೂ ಹೊರಬಂದಿತು. ಗೊತ್ತುಪಡಿಸಿದ ಗುರಿಗಿಂತ ಹೊಗೆಯನ್ನು ತಗ್ಗಿಸಿದ ಕಾರ್ಖಾನೆ ಪತ್ರ ಗಳಿಸುತ್ತದೆ. ಗುರಿ ತಲುಪದ ಕಾರ್ಖಾನೆ ಅದನ್ನು ಕೊಳ್ಳಬೇಕಾಗುತ್ತದೆ. ಗುರಿ ಬಿಗಿಯಾಗಿದ್ದರೆ ಮಾತ್ರ ಇದರಿಂದ ಫಲವುಂಟು.

ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧಭಾಗವು 2025ರಲ್ಲಿ ಕಲ್ಲಿದ್ದಲು, ತೈಲ, ಅನಿಲಗಳ ಹೊರತಾದ ಮೂಲಗಳದಾಯಿತು. ಆದರೂ ದೇಶದಲ್ಲಿ ಉತ್ಪನ್ನವಾಗುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ಹೊಗೆಯನ್ನು ತಗ್ಗಿಸುವುದು ಉರಿಯದೆ ಉಳಿದ ಕಲ್ಲಿದ್ದಲೇ ಹೊರತು ಬರೆದ ಪತ್ರವಲ್ಲ. ಕೊಳಗವು ರಾಶಿಯನ್ನು ಅಳೆಯಬಲ್ಲುದು, ಬೆಳೆಯಲಾರದು. ಅಳತೆ ಸುಳ್ಳಾದರೆ ಮಾತ್ರ ನಷ್ಟ ಎಲ್ಲರದು.