‘ಖಾಲಿ ಬಿದ್ದಿರೋ ಜಾಗ’ ನಿಜಕ್ಕೂ ಖಾಲಿಯೇ? ಕೆರೆ, ಪಾರ್ಕು, ಹುಲ್ಲುಗಾವಲಿನ ಬಗ್ಗೆ ಹರಿದಾಡುವ 4 ಮಾತುಗಳು

ಊರಿನ ಪಕ್ಕದಲ್ಲಿ ಒಂದಷ್ಟು ಬಯಲು ಕಂಡರೆ ಸಾಕು, “ಸುಮ್ಮನೆ ಖಾಲಿ ಬಿದ್ದಿದೆ, ಏನಾದ್ರೂ ಕಟ್ಟಬಾರದಾ?” ಎಂಬ ಮಾತು ಬರುತ್ತದೆ. ವಾಟ್ಸಾಪ್‌ ಗುಂಪುಗಳಲ್ಲೂ ಇದೇ ಧಾಟಿಯ ಸಂದೇಶಗಳು ಓಡಾಡುತ್ತವೆ. ಬೆಂಗಳೂರಿನ ಉದಾಹರಣೆ ಇಟ್ಟುಕೊಂಡು ಇಂಥ ನಾಲ್ಕು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ. ಸೈಟು ಕೊಳ್ಳಲು ಹೊರಟವರಿಗೆ ಇದು ದುಡ್ಡಿನ ಪ್ರಶ್ನೆಯೂ ಹೌದು.

ಮಾತು 1: “ನೀರೇ ಇಲ್ಲದ ಮೇಲೆ ಅದು ಕೆರೆಯೇ ಅಲ್ಲ”

ನಿಜವಲ್ಲ. ನಮ್ಮ ಕಡೆಯ ಕೆರೆಗಳು ವರ್ಷವಿಡೀ ತುಂಬಿರಲೆಂದು ಕಟ್ಟಿದವಲ್ಲ. ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಇಳಿಯುವುದೇ ಅವುಗಳ ಸ್ವಭಾವ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಾಗಾಗಿ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಆ ಕಾಲುವೆಯೇ ರಾಜಕಾಲುವೆ.

ಒಂದು ಲೆಕ್ಕ ಹಾಕಿ. ಒಂದು ಎಕರೆ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಮಣ್ಣಿದ್ದರೆ ಸ್ವಲ್ಪ ಇಂಗುತ್ತದೆ, ಉಳಿದದ್ದು ಕೆರೆಗೆ ಸೇರುತ್ತದೆ. ಕಾಂಕ್ರೀಟ್ ಹಾಕಿದರೆ ಬಹುಪಾಲು ನೀರು ರಸ್ತೆಗೆ ಬರುತ್ತದೆ, ಅದೂ ಒಂದೇ ಸಲ.

ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲದ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಂಗಳದಲ್ಲಿ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ, ನೀರು ಹಳೆಯ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷ ಮಳೆ ಜೋರಾಗಿತ್ತು, ನಿಜ. ಆದರೆ ನೀರು ಹೋಗಬೇಕಾದ ದಾರಿ ಕಿರಿದಾಗಿದ್ದೂ ಅಷ್ಟೇ ನಿಜ.

ಮಾತು 2: “ಪಾರ್ಕಿಗಿಂತ ಆಸ್ಪತ್ರೆ ಮುಖ್ಯ, ಅದೇ ಜಾಗದಲ್ಲಿ ಕಟ್ಟಲಿ”

ಈ ಮಾತು ಕೇಳಲು ಸರಿ ಅನಿಸುತ್ತದೆ. ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಇಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು. ಬಡಾವಣೆಯ ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟು, ಆ ಹಂಚಿಕೆ ಸಲ್ಲದು ಎಂದಿತು.

ಆಸ್ಪತ್ರೆ ಬೇಡ ಎಂಬುದು ಇದರ ಅರ್ಥವಲ್ಲ. ಆಸ್ಪತ್ರೆಯನ್ನು ಇನ್ನೊಂದು ಕಡೆ ಕಟ್ಟಬಹುದು. ಮನೆಗಳೆಲ್ಲ ಎದ್ದ ಮೇಲೆ ಪಾರ್ಕಿಗೆ ಇನ್ನೊಂದು ಜಾಗ ಹುಟ್ಟುವುದಿಲ್ಲ. ಅದಕ್ಕೇ ಬಿಡಿಎ ಕಾಯ್ದೆ ಮೊದಲೇ ಲೆಕ್ಕ ಹಾಕಿಟ್ಟಿದೆ: ಪ್ರಾಧಿಕಾರದ ಬಡಾವಣೆಯಲ್ಲಿ ಕನಿಷ್ಠ ಶೇ. 15 ಜಾಗ ಪಾರ್ಕು, ಆಟದ ಮೈದಾನಕ್ಕೆ. ಅದಲ್ಲದೆ ಕನಿಷ್ಠ ಶೇ. 10 ನಾಗರಿಕ ಸೌಲಭ್ಯಗಳಿಗೆ. ಎರಡನ್ನೂ ಬೇರೆಬೇರೆಯಾಗಿ ಎಣಿಸಿರುವುದನ್ನು ಗಮನಿಸಿ.

ಮಾತು 3: “ಹುಲ್ಲುಗಾವಲು ಅಂದ್ರೆ ಬಂಜರು, ಗಿಡ ನೆಟ್ಟರಾದರೂ ಉಪಯೋಗ”

ಇದು ಒಳ್ಳೆಯ ಮನಸ್ಸಿನಿಂದಲೇ ಬರುವ ತಪ್ಪು. ಮರ ಇದ್ದರೆ ಮಾತ್ರ ಪ್ರಕೃತಿ ಎಂದು ನಾವು ಕಲಿತಿದ್ದೇವೆ. ಸರ್ಕಾರಿ ದಾಖಲೆಗಳೂ ಎಷ್ಟೋ ಹುಲ್ಲುಗಾವಲನ್ನು ‘ಪಾಳು ಭೂಮಿ’ ಎಂದೇ ಬರೆದಿವೆ. ಆದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ, ಬಯಲಲ್ಲಿ ಬೇಟೆಯಾಡುವ ಹಕ್ಕಿಗಳಿಗೆ ಬೇಕಾದದ್ದು ಹುಲ್ಲೇ ಹೊರತು ಮರವಲ್ಲ. ಅಲ್ಲಿ ಸಾಲಾಗಿ ಗಿಡ ನೆಟ್ಟರೆ ಅವುಗಳ ಮನೆ ಕೆಡಿಸಿದಂತೆ.

ಬೆಂಗಳೂರಿನ ಹೊರವಲಯದ ಹೆಸರಘಟ್ಟ ಇಂಥ ಹುಲ್ಲುಗಾವಲು. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೆಸರಘಟ್ಟ ಕೆರೆ ಇದರ ಪಕ್ಕದಲ್ಲೇ ಇದೆ. ಇಲ್ಲಿ ಚಿತ್ರನಗರಿ ಕಟ್ಟುವ ಪ್ರಸ್ತಾಪವೂ ಇತ್ತು. ವರ್ಷಗಟ್ಟಲೆ ಚರ್ಚೆ ನಡೆದ ಮೇಲೆ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,000 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. “ನಮ್ಮ ಜಮೀನೂ ಹೋಯ್ತು” ಎಂದು ಹೆದರಬೇಕಿಲ್ಲ. ಕಾನೂನಿನ ಪ್ರಕಾರ ಇಂಥ ಮೀಸಲನ್ನು ಸರ್ಕಾರಿ ಜಾಗದಲ್ಲಿ, ಸ್ಥಳೀಯರ ಜೊತೆ ಮಾತನಾಡಿದ ಮೇಲೆಯೇ ಘೋಷಿಸಬೇಕು.

ಮಾತು 4: “ಕೆರೆಯಿಂದ 75 ಮೀಟರ್ ಒಳಗಿನ ಮನೆಗಳೆಲ್ಲ ಒಡೀತಾರೆ”

ಇದು ಅರ್ಧ ಸತ್ಯ, ಅದೂ ಹಳೆಯದು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್ ಜಾಗ ಬಿಡಬೇಕು ಎಂದಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಪರಿಷ್ಕೃತ ಮಹಾನಗರ ಯೋಜನೆ 2015ರಲ್ಲಿದ್ದ ಅಳತೆ ಹೀಗಿತ್ತು: ಕೆರೆಗೆ 30 ಮೀಟರ್, ರಾಜಕಾಲುವೆಗಳಲ್ಲಿ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಅದೂ ಕಾಲುವೆಯ ನಡುವಿನಿಂದ. ಯೋಜನೆ, ಕಾನೂನು ಬದಲಾದರೆ ಅಳತೆಯೂ ಬದಲಾಗುತ್ತದೆ. ಆದ್ದರಿಂದ ಹಳೆಯ ಫಾರ್ವರ್ಡ್ ನಂಬಿ ಹೆದರಲೂ ಬೇಡಿ, ಧೈರ್ಯ ಮಾಡಲೂ ಬೇಡಿ.

ಹಾಗೆಯೇ, “ಮನೆ ಕಟ್ಟಿಬಿಟ್ಟರೆ ಯಾರೇನು ಮಾಡ್ತಾರೆ?” ಎಂಬ ಮಾತನ್ನೂ ನಂಬಬೇಡಿ. ಊರಿನ ಸಾಮೂಹಿಕ ಜಾಗದ ಒತ್ತುವರಿ ಬಗ್ಗೆ 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಬಹಳ ವರ್ಷದಿಂದ ಇದ್ದೇವೆ, ತುಂಬ ಖರ್ಚು ಮಾಡಿ ಕಟ್ಟಿದ್ದೇವೆ ಎಂಬುದು ಒತ್ತುವರಿಯನ್ನು ಸಕ್ರಮ ಮಾಡಲು ಕಾರಣವಾಗದು ಎಂದಿದೆ.

ಹಾಗಾದರೆ ಮನೆ ಎಲ್ಲಿ ಕಟ್ಟೋದು?

ಇದು ನ್ಯಾಯವಾದ ಪ್ರಶ್ನೆ. ಜನ ಬರುತ್ತಲೇ ಇರುತ್ತಾರೆ, ಅವರಿಗೆ ಮನೆ ಬೇಕು. ಎಲ್ಲ ಕಡೆ ಕಟ್ಟಬೇಡಿ ಎಂದರೆ ಸೈಟಿನ ಬೆಲೆ ಏರಿ, ಬಡವರೇ ಊರಾಚೆ ಹೋಗಬೇಕಾಗುತ್ತದೆ. ಕೆರೆಯಂಗಳದ ಅಗ್ಗದ ಸೈಟು ಕೊಂಡು ಮೋಸ ಹೋಗುವವರೂ ಹೆಚ್ಚಾಗಿ ಸಣ್ಣ ಉಳಿತಾಯದವರೇ. ಹಾಗಾಗಿ ‘ಎಷ್ಟು ಕಟ್ಟಬೇಕು’ ಎನ್ನುವುದಕ್ಕಿಂತ ಮೊದಲು ‘ಎಲ್ಲಿ ಕಟ್ಟಬೇಕು’ ಎಂದು ಕೇಳಬೇಕು. ಮೆಟ್ರೋ, ಬಸ್ಸು, ನೀರು, ಒಳಚರಂಡಿ ಈಗಾಗಲೇ ಇರುವ ಕಡೆ ಹೆಚ್ಚು ಮಹಡಿಗೆ ಅವಕಾಶ ಕೊಡಬಹುದು. ನೀರು ಹರಿಯುವ ತಗ್ಗು, ಕೆರೆಯ ಅಂಚು, ಹುಲ್ಲುಗಾವಲನ್ನು ನಕ್ಷೆ ಬರೆಯುವಾಗಲೇ ಬಿಟ್ಟುಬಿಡಬೇಕು. ಆಮೇಲೆ ಒಡೆಯುವುದಕ್ಕಿಂತ ಮೊದಲೇ ಬಿಡುವುದು ಎಲ್ಲರಿಗೂ ಅಗ್ಗ.

ಸೈಟು ಕೊಳ್ಳುವ ಮುನ್ನ ಇಷ್ಟು ಮಾಡಿ

• ಸರ್ವೆ ನಂಬರ್ ಕೇಳಿಕೊಳ್ಳಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಹೋಲಿಸಿ ನೋಡಿ.
• ಹಳೆಯ ಗ್ರಾಮ ನಕ್ಷೆ ತೆಗೆಸಿ. ಕೆರೆ, ಹಳ್ಳ, ಕಾಲುವೆಯ ಗುರುತು ಅದರಲ್ಲಿರುತ್ತದೆ.
• ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅಷ್ಟು ಜಾಗ ರಸ್ತೆ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದ್ದು. ಅದನ್ನು ಯಾರೂ ಮಾರುವಂತಿಲ್ಲ.
• ಬಫರ್ ಅಳತೆಯನ್ನು ಯೋಜನಾ ಪ್ರಾಧಿಕಾರದಲ್ಲೇ ವಿಚಾರಿಸಿ. ಖಾತಾ ಇದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ.
• ಸಾಧ್ಯವಾದರೆ ಜೋರು ಮಳೆ ನಿಂತ ಮರುದಿನ ಹೋಗಿ ಜಾಗ ನೋಡಿ. ಅಕ್ಕಪಕ್ಕದ ಹಿರಿಯರನ್ನು ಕೇಳಿ: “ಇಲ್ಲಿ ಮೊದಲು ಏನಿತ್ತು?”

ಮುಂದಿನ ಸಲ ‘ಖಾಲಿ ಜಾಗ’ದ ಫಾರ್ವರ್ಡ್ ಬಂದಾಗಲೂ ಇದೇ ಪ್ರಶ್ನೆ ಕೇಳಿ. ಉತ್ತರ ಗೊತ್ತಾಗುವವರೆಗೆ ಮುಂದಕ್ಕೆ ಕಳಿಸಬೇಡಿ.