ಒಂದು ಉಸಿರಿನ ಹಾದಿ

ಕಬಡ್ಡಿಯಷ್ಟು ಕಡಮೆ ಸಲಕರಣೆ ಬೇಡುವ ಆಟ ಬೇರೊಂದಿಲ್ಲ. ಸಿರುಗುಪ್ಪದ ಕಡೆಯ ಕೊಯ್ಲು ಮುಗಿದ ಗದ್ದೆಯಾಗಲಿ, ಕುರುಗೋಡಿನ ಶಾಲೆಯ ಅಂಗಳವಾಗಲಿ, ಬಳ್ಳಾರಿ ನಗರದ ಬಡಾವಣೆಯ ಬಯಲಾಗಲಿ, ನೆಲದ ಮೇಲೊಂದು ಗೆರೆ ಎಳೆದರೆ ಆಟ ತೊಡಗಿತು. ಗಟ್ಟಿಮುಟ್ಟಾದ ಮೈ, ಬಿಗಿಹಿಡಿದ ಉಸಿರು, ಸಮಯಕ್ಕೊದಗುವ ಬುದ್ಧಿ ಇಷ್ಟಿದ್ದರೆ ಸಾಕು. ಆದರೆ ಮನೆಯ ಹುಡುಗಿ ಈ ಆಟದಲ್ಲಿ ಮೈಮರೆತಳೆಂದರೆ ಹೆತ್ತವರಿಗೆ ಹುಟ್ಟುವ ಪ್ರಶ್ನೆ ಎಲ್ಲೆಡೆಯೂ ಒಂದೇ: ಇದರಿಂದ ಮುಂದೇನು?

ಈ ಪ್ರಶ್ನೆಗೆ ಕನ್ನಡ ನಾಡು ಕೊಡಬಲ್ಲ ಉತ್ತರಗಳಲ್ಲಿ ಮಮತಾ ಪೂಜಾರಿಯವರ ಬಾಳು ಮುಖ್ಯವಾದುದು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ರೈತ ಕುಟುಂಬದಲ್ಲಿ 1986ರಲ್ಲಿ ಹುಟ್ಟಿದ ಈಕೆ ವಿದ್ಯಾರ್ಥಿದೆಸೆಯಲ್ಲಿ ವಾಲಿಬಾಲ್, ಗುಂಡೆಸೆತಗಳಲ್ಲೂ ಕೈಯಾಡಿಸಿದ್ದರು. ಕಡೆಗೆ ಒಲಿದದ್ದು ಕಬಡ್ಡಿ. ಊರಿನ ಮಣ್ಣಿನಲ್ಲಿ ಕಲಿತ ಆಟವನ್ನು ಮುಂದೆ ಮ್ಯಾಟಿನ ಮೇಲೆ ಹೊಸದಾಗಿ ಸಾಧಿಸಬೇಕು. ಹನ್ನೆರಡು ಮೀಟರು ಉದ್ದ, ಎಂಟು ಮೀಟರು ಅಗಲದ ಅಂಕಣ. ಎದುರಿಗೆ ಏಳು ಮಂದಿ. ದಾಳಿಗೆ ಮೂವತ್ತೇ ಸೆಕೆಂಡು. ಎದುರಾಳಿಯನ್ನು ಮುಟ್ಟಿದರಷ್ಟೇ ಸಾಲದು, ಅವರ ಹಿಡಿತದಿಂದ ನುಸುಳಿ ನಡುಗೆರೆಯನ್ನೂ ತಲಪಬೇಕು.

ಈ ಸಾಧನೆಗೆ ಆಸರೆಯಾಗಿ ನಿಂತದ್ದು ರೈಲ್ವೆಯ ನೌಕರಿ. ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯನ್ನು ಸೇರಿದ ಮಮತಾ ಅವರಿಗೆ ಸಂಬಳವೂ ಅಭ್ಯಾಸಕ್ಕೆ ಅವಕಾಶವೂ ಒಟ್ಟಿಗೆ ದೊರೆತವು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಕಬಡ್ಡಿಗೆ ಮೊದಲ ಬಾರಿ ಸ್ಥಾನ ದೊರೆತಾಗ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಟನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಅವರೇ ನಾಯಕಿ. ಭಾರತ ಇರಾನನ್ನು 25–19ರಿಂದ ಸೋಲಿಸಿತು. 2014ರಲ್ಲಿ ಇಂಚಿಯಾನಿನಲ್ಲಿ ಮತ್ತೆ ಚಿನ್ನ. ಅದೇ ವರ್ಷ ಅರ್ಜುನ ಪ್ರಶಸ್ತಿ.

ಅದೇ 2014ರಲ್ಲಿ ಗಂಡಸರ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. 2018ರ ಹರಾಜಿನಲ್ಲಿ ಆಟಗಾರನೊಬ್ಬನ ಬೆಲೆ ಕೋಟಿ ರೂಪಾಯಿಯನ್ನು ದಾಟಿತು. ಹೆಂಗಸರಿಗಾಗಿ ಆ ವೇದಿಕೆ ಬಾಗಿಲು ತೆರೆದದ್ದು 2016ರಲ್ಲಿ, ಅದೂ ಮೂರೇ ತಂಡಗಳ ಪಂದ್ಯಾವಳಿಯಾಗಿ. ಹೈದರಾಬಾದಿನ ಅಂತಿಮ ಪಂದ್ಯದಲ್ಲಿ ಎದುರುಬದುರಾದ ನಾಯಕಿಯರಿಬ್ಬರೂ ಕನ್ನಡತಿಯರು: ಫೈರ್ ಬರ್ಡ್ಸ್‌ನ ಮಮತಾ, ಸ್ಟಾರ್ಮ್ ಕ್ವೀನ್ಸ್‌ನ ತೇಜಸ್ವಿನಿ ಬಾಯಿ. ತೇಜಸ್ವಿನಿಯವರ ತಂಡ ಒಂದೇ ಅಂಕದಿಂದ, 24–23ರಿಂದ ಗೆದ್ದಿತು. ಅಷ್ಟು ಬಿರುಸಿನ ಕಾದಾಟ ಕಂಡ ಆ ಪಂದ್ಯಾವಳಿ ಒಂದೇ ವರ್ಷಕ್ಕೆ ನಿಂತುಹೋಯಿತು.

ಆಟದ ಕಸುವೇನೂ ಕುಂದಲಿಲ್ಲ. 2018ರಲ್ಲಿ ಜಕಾರ್ತದಲ್ಲಿ ಇರಾನಿಗೆ ಸೋತ ಭಾರತದ ಮಹಿಳೆಯರು 2023ರಲ್ಲಿ ಹಾಂಗ್‌ಝೌನಲ್ಲಿ ಚೈನೀಸ್ ತೈಪೆಯನ್ನು 26–25ರಿಂದ ಮಣಿಸಿ ಚಿನ್ನವನ್ನು ಮರಳಿ ಪಡೆದರು. 2025ರಲ್ಲಿ ಢಾಕಾದಲ್ಲಿ ಎರಡನೆಯ ವಿಶ್ವಕಪ್ಪೂ ಭಾರತದ್ದಾಯಿತು.

ಮುಂದೇನೆಂದು ಕೇಳುವ ತಂದೆತಾಯಿಗಳಿಗೆ ಈಗ ಅರ್ಧ ಉತ್ತರ ದೊರೆತಂತಾಯಿತು. ಹಳ್ಳಿಯ ಹುಡುಗಿ ವಿಶ್ವವಿಜೇತಳಾಗಬಲ್ಲಳು, ಅದರಲ್ಲಿ ಸಂದೇಹವಿಲ್ಲ. ಆಕೆಯ ತಮ್ಮನಿಗೆ ಆಟವೇ ವೃತ್ತಿಯಾಗಬಹುದು; ಆಕೆ ಮಾತ್ರ ನೌಕರಿಯೊಂದನ್ನು ನೆಚ್ಚಿಯೇ ಆಡಬೇಕು. ಉಳಿದರ್ಧ ಉತ್ತರವನ್ನು ಕೊಡಬೇಕಾದವರು ಆಟವನ್ನು ನಡೆಸುವವರು, ನೋಡುವವರು. ಅಲ್ಲಿಯವರೆಗೆ, ಗೆರೆ ದಾಟಿ ಬಂದ ಹುಡುಗಿಯ ಬೆನ್ನು ತಟ್ಟುವುದಾದರೂ ಮನೆಯವರ ಕೈಯಲ್ಲಿದೆ.