ಬಿಸಿಲ ಬೇಗೆಗೆ ಮರದ ಆಸರೆ

ಬೇಸಿಗೆಯ ದಿನಗಳಲ್ಲಿ ಮಠಕ್ಕೆ ಬರುವ ಭಕ್ತರು ಪಾದರಕ್ಷೆಗಳನ್ನು ಹೊರಗಿರಿಸಿ ಅಂಗಳದ ಕಲ್ಲುಹಾಸಿನ ಮೇಲೆ ಕಾಲಿಟ್ಟೊಡನೆ ಓಡತೊಡಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಓಟ ನಿಲ್ಲುವುದು ಬೇವಿನ ಮರದ ನೆರಳಿನಲ್ಲಿ. ಅದೇ ಕಲ್ಲು, ಅದೇ ಮಧ್ಯಾಹ್ನ. ಆದರೂ ಎರಡು ಹೆಜ್ಜೆಯ ಅಂತರದಲ್ಲಿ ಪಾದಕ್ಕೆ ನೆಮ್ಮದಿ. ಈ ಅಂತರವನ್ನು ಅಳೆದು ನೋಡಿದವರೂ ಇದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ ಮರಗಳಿರುವ ಬೀದಿಗಳನ್ನು ಮರಗಳಿಲ್ಲದ ಬೀದಿಗಳೊಡನೆ ಹೋಲಿಸಿ 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮಧ್ಯಾಹ್ನದ ವೇಳೆ ಮರಗಳಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ರಸ್ತೆಯ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿದ್ದುದು ಅವರಿಗೆ ಕಂಡುಬಂದಿತು.

ಆರೋಗ್ಯದ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಮರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ದೇಹವೂ ಮರವೂ ಒಂದೇ ಉಪಾಯದಿಂದ ತಣಿಯುತ್ತವೆ. ನಮ್ಮ ಒಳಮೈಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿಯೇ ಇರಬೇಕು. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ದೇಹ ತನ್ನ ಕಾವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ಉಳಿಯುವ ದಾರಿ ಬೆವರೊಂದೇ. ಬೆವರು ಆವಿಯಾಗುವಾಗ ಮೈಯ ಕಾವನ್ನು ತನ್ನೊಡನೆ ಒಯ್ಯುತ್ತದೆ. ಬಿರುಬಿಸಿಲಿನಲ್ಲಿ ದುಡಿಯುವವರ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೀಗೆ ಹೊರಹೋಗಬಹುದು.

ಮರವೂ ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿಸುತ್ತದೆ. ಒಂದು ಲೀಟರು ನೀರು ಆವಿಯಾಗಲು ಬೇಕಾದ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಬೇರಿಗೆ ನೀರು ಸಿಗುವ ದೊಡ್ಡದೊಂದು ಮರ ದಿನಕ್ಕೆ ನೂರು ಲೀಟರನ್ನು ಆವಿಯಾಗಿಸಿದರೆ, ಒಂದೂವರೆ ಟನ್ನಿನ ಏಸಿ ಯಂತ್ರವೊಂದು ಹದಿಮೂರು ಗಂಟೆಗಳ ಕಾಲ ಓಡಿ ತೆಗೆಯುವಷ್ಟು ಶಾಖವನ್ನು ಅದು ತೆಗೆದಂತಾಯಿತು. ಏಸಿ ಒಳಗಿನ ಶಾಖವನ್ನು ಬೀದಿಗೆ ತಳ್ಳುತ್ತದೆ. ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡಿರುವ ಬಡವ ಅದನ್ನು ಉಣ್ಣಬೇಕು. ಮರ ಯಾರ ಮೇಲೂ ಹಾಗೆ ಹೊರಿಸುವುದಿಲ್ಲ.

ಆವಿಗಿಂತಲೂ ಮುಖ್ಯವಾದುದು ನೆರಳು. ಪತ್ರಿಕೆಗಳಲ್ಲಿ ಅಚ್ಚಾಗುವ ಉಷ್ಣತೆಯನ್ನು ಬಿಸಿಲು ತಾಗದ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆದಿರುತ್ತಾರೆ. ಎಂದರೆ 42 ಡಿಗ್ರಿ ಎಂಬುದು ನೆರಳಿನ ಲೆಕ್ಕ. ಬಯಲಿನಲ್ಲಿ ನಿಂತವನ ಮೇಲೆ ಸೂರ್ಯನ ಕಿರಣ, ಕಾದ ನೆಲದ ಝಳ, ಕಾದ ಗೋಡೆಯ ಝಳ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮರದಡಿಗೆ ಬಂದೊಡನೆ ಅವುಗಳಲ್ಲಿ ಹೆಚ್ಚಿನವು ತಪ್ಪಿ, ಬೆವರಿನ ಮೇಲಿನ ಹೊರೆ ಇಳಿಯುತ್ತದೆ.

ಮರಗಳ ಈ ಉಪಕಾರ ಉಷ್ಣವಲಯದಲ್ಲಿಯೇ ಅಧಿಕ. ಉತ್ತರದ ಹಿಮಪ್ರದೇಶಗಳಲ್ಲಿ ಬಯಲಿನ ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪುಹಸಿರಿನ ಕಾಡು ಹೀರಿಕೊಳ್ಳುತ್ತದೆ. ಆದುದರಿಂದ ಅಲ್ಲಿ ಕಾಡು ಸುತ್ತಲಿನ ನೆಲವನ್ನು ತುಸು ಬೆಚ್ಚಗಾಗಿಸುವುದೂ ಉಂಟು. ನಮ್ಮಲ್ಲಿ ಆವಿಯ ತಂಪೇ ಮೇಲುಗೈ ಪಡೆಯುತ್ತದೆ. ಇಲ್ಲಿ ಕಾಡು ಕಡಿದರೆ ಜಗತ್ತು ಎಂದೋ ಬಿಸಿಯಾಗುವುದಿರಲಿ, ಆ ಊರು ಆ ವರ್ಷವೇ ಬಿಸಿಯಾಗುತ್ತದೆ. 2001ರಿಂದ 2020ರವರೆಗೆ ಉಷ್ಣವಲಯದ ದೇಶಗಳಲ್ಲಿ ನಡೆದ ಅರಣ್ಯನಾಶದಿಂದ ಹೆಚ್ಚಿದ ಸ್ಥಳೀಯ ತಾಪಕ್ಕೆ ವರ್ಷಕ್ಕೆ ಸುಮಾರು 28,000 ಜನ ಬಲಿಯಾಗಿದ್ದಾರೆಂದು 2025ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜಿಸಿದೆ.

ನಮ್ಮ ನಾಡಿನಲ್ಲಿ ವಿಜಯಪುರ ಜಿಲ್ಲೆಯ ಅರಣ್ಯ ಅದರ ವಿಸ್ತೀರ್ಣದ ಶೇಕಡಾ 1ಕ್ಕಿಂತಲೂ ಕಡಿಮೆ. ಅಲ್ಲಿಯೂ ಬಾಗಲಕೋಟೆ ಹಾಗೂ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ರೂಢಿಯಿದೆ. ಹಿತವಾದ ಕ್ರಮವೇ ಸರಿ. ಆದರೆ ಹೊಲದಲ್ಲಿ ಕಳೆ ತೆಗೆಯುವ ತಾಯಂದಿರಿಗೂ ಇಟ್ಟಿಗೆ ಹೊರುವವರಿಗೂ ಅಂಥ ಆದೇಶವನ್ನು ಹೊರಡಿಸುವವರಿಲ್ಲ. ಬದುವಿನ ಮರವೊಂದೇ ಅವರಿಗೆ ಗತಿ; ಟ್ರ್ಯಾಕ್ಟರಿಗೆ ಅಡ್ಡಿಯಾಯಿತೆಂದು ಅದನ್ನೂ ಕಡಿಯುತ್ತಿದ್ದೇವೆ.

ಮರದ ಉಪಕಾರಕ್ಕೆ ಮಿತಿಗಳೂ ಉಂಟು. ನೆಲದಲ್ಲಿ ತೇವ ಬತ್ತಿದಾಗ ಮರ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಆವಿಯ ತಂಪು ಕುಗ್ಗಿ ನೆರಳಷ್ಟೇ ಉಳಿಯುತ್ತದೆ. ಕರಾವಳಿಯಂತಹ ತೇವದ ಹವೆಯಲ್ಲಿ ಬೆವರೂ ಆರದು, ಎಲೆಯ ಆವಿಯೂ ಹೆಚ್ಚು ನೆರವಾಗದು. ಅಲ್ಲಿ ಗಾಳಿಗೆ ಅಡ್ಡವಾಗದಂತೆ ಮರ ಬೆಳೆಸುವುದು ಲೇಸು. ರಾತ್ರಿ ದಟ್ಟ ಮರದಡಿ ಮಲಗಬಾರದೆಂದು ಹಿರಿಯರು ಹೇಳುತ್ತಿದ್ದರು. ಮರ ಬಿಡುವ ಇಂಗಾಲದ ಡೈ ಆಕ್ಸೈಡಿನಿಂದ ಅಪಾಯವೆಂದು ಶಾಲೆಯಲ್ಲಿ ಕಲಿತ ಕಾರಣ ನಿಜವಲ್ಲ, ಅದರ ಪ್ರಮಾಣ ತೀರ ಅಲ್ಪ. ಆದರೆ ನೆಲದ ಕಾವು ಆಕಾಶಕ್ಕೆ ಹೋಗುವುದನ್ನು ಕೊಂಬೆಗಳು ತಡೆಯುವುದರಿಂದ ಬೇಸಿಗೆಯ ರಾತ್ರಿ ತೆರೆದ ಅಂಗಳವೇ ತಂಪು.

ರಾತ್ರಿಯ ತಂಪು ವೃದ್ಧರಿಗೂ ಹೃದ್ರೋಗಿಗಳಿಗೂ ಅತ್ಯವಶ್ಯ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಆ ಕಾವನ್ನು ಮನೆಯೊಳಗೆ ಬಿಡುವಾಗ ದೇಹಕ್ಕೆ ಬಿಡುವೇ ದೊರೆಯದು. ಆದುದರಿಂದ ಮನೆಯ ಪಶ್ಚಿಮದ ಗೋಡೆಗೆ ಸಂಜೆಯ ಬಿಸಿಲು ತಾಗದಂತೆ ಒಂದು ಮರವಿದ್ದರೆ ಅದು ನಿದ್ರೆಗೂ ಔಷಧವಾಗುತ್ತದೆ.

ಬಿಸಿಲಿನಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ, ಮಾತು ತೊದಲಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದನ್ನು ಬಿಸಿಲಾಘಾತವೆಂದೇ ತಿಳಿಯಬೇಕು. ಒಳಮೈಯ ಉಷ್ಣತೆ 40 ಡಿಗ್ರಿ ದಾಟಿದರೆ ಮೆದುಳಿಗೂ ಮೂತ್ರಪಿಂಡಗಳಿಗೂ ಹಾನಿ. ಒಡನೆಯೇ ಮರದ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಬೀಸುತ್ತಿರಬೇಕು. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಭಕ್ತರು ತಗಡಿನ ಚಪ್ಪರಕ್ಕೆ ಬದಲಾಗಿ ಮರದಡಿಯನ್ನೇ ಆರಿಸಿಕೊಂಡರೆ ನೀರೂ ನೆರಳೂ ಒಂದೆಡೆ ದೊರೆಯುತ್ತವೆ.

ನೆಡುವಾಗ ಜಾತಿಯನ್ನು ನೋಡಬೇಕು. ತೇಗ ಬೆಲೆಬಾಳುವ ಮರ, ಆದರೆ ನೆರಳು ಬೇಕಾದ ಹೊತ್ತಿಗೆ ಅದರಲ್ಲಿ ಎಲೆಯೇ ಇರುವುದಿಲ್ಲ. ಹೊಂಗೆ, ಬೇವುಗಳು ಬೇಸಿಗೆಯ ಮುಂದೆಯೇ ಹೊಸ ಚಿಗುರು ತಳೆಯುತ್ತವೆ. ಆಲ, ಹುಣಸೆಗಳ ನೆರಳು ವಿಶಾಲ. ಹೊಂಗೆಯ ನೆರಳನ್ನು ಹಿರಿಯರು ತಾಯ ಮಡಿಲಿಗೆ ಹೋಲಿಸಿದ್ದು ಬರಿಯ ಭಾವುಕತೆಯಲ್ಲ.

ರಸ್ತೆ ಅಗಲೀಕರಣಕ್ಕೆ ಹಳೆಯ ಮರ ಕಡಿದು, ಬದಲಿಗೆ ಹತ್ತು ಸಸಿ ನೆಟ್ಟೆವೆಂಬ ಲೆಕ್ಕವನ್ನು ನಾವು ಒಪ್ಪಲಾರೆವು. ಸಸಿ ನೆರಳು ಕೊಡುವುದಕ್ಕೆ ಹದಿನೈದು ವರ್ಷವಾದರೂ ಬೇಕು. ಅಷ್ಟರಲ್ಲಿ ಆ ದಾರಿಯಲ್ಲಿ ನಡೆದು ಶಾಲೆಗೆ ಹೋದ ಮಕ್ಕಳು ದೊಡ್ಡವರಾಗಿರುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕು. ಊರಿನ ಮರಕ್ಕೆ ಕೊಡಲಿ ಬೀಳುವ ಮುನ್ನ ಅನುಮತಿಯಿದೆಯೇ ಎಂದು ಭಕ್ತರು ವಿಚಾರಿಸಬೇಕು.

ಪರಿಸರ ದಿನದಂದು ನೆಟ್ಟ ಸಸಿಗಳು ಮುಂದಿನ ಬೇಸಿಗೆಯಲ್ಲಿ ಒಣಗುವುದು ನೀರಿಲ್ಲದೆ. ಹುಲಿಕಲ್ ಮತ್ತು ಕುದೂರಿನ ನಡುವಣ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ನೆಟ್ಟ ಆಲದ ಮರಗಳು ಉಳಿದದ್ದು ಅವರು ಕೊಡದಲ್ಲಿ ಹೊತ್ತು ಹಾಕಿದ ನೀರಿನಿಂದ. ಬೇಸಿಗೆಯಲ್ಲಿಯೇ ಗುಂಡಿ ತೋಡಿ, ಮೊದಲ ಮಳೆಗೆ ನೆಟ್ಟು, ಜಾನುವಾರು ಬಾರದಂತೆ ಮುಳ್ಳು ಕಟ್ಟಿ, ಮುಂದಿನ ಎರಡು ಬೇಸಿಗೆಗಳಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕುವವರು ಯಾರೆಂಬುದನ್ನು ನೆಡುವ ದಿನವೇ ಗೊತ್ತುಮಾಡಿಕೊಳ್ಳಬೇಕು.